ಮೂಲದಲ್ಲಿ ತಿದ್ದತಕ್ಕದ್ದು

ಸಂಪದಾಳ ನಾಲಿಗೆಯಿಂದ ಮೊದಲು ಹೋದದ್ದು ರಕಾರ, ಆಮೇಲೆ ಳಕಾರ. ರೊಟ್ಟಿ ಒಟ್ಟಿಯಾಯಿತು, ಬಾಳೆಹಣ್ಣು ಬಾಯೆಹಣ್ಣಾಯಿತು. ಮನೆಯವರು ಮೊದಮೊದಲು ನಕ್ಕರು, ಅವಳೂ ನಕ್ಕಳು. ಅದು ಸ್ನಾಯುಗಳನ್ನು ಒಂದೊಂದಾಗಿ ಸಡಿಲಿಸುತ್ತ ಹೋಗುವ ಕಾಯಿಲೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳುವ ಹೊತ್ತಿಗೆ ಅವಳ ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ. ಆಗ ಅವಳಿಗೆ ಹನ್ನೆರಡು ವರ್ಷ.

ಆ ವರ್ಷವೇ ಅವಳ ಕೊರಳಿಗೆ ನುಡಿಪಟ್ಟಿ ಬಂತು. ಎರಡು ಬೆರಳಗಲದ ಮೆತ್ತನೆಯ ಪಟ್ಟಿ. ಮಾತಾಡಬೇಕೆಂದು ಮನಸ್ಸು ಮಾಡಿದಾಗ ಗಂಟಲಿನೊಳಗೆ ಏಳುವ ಅತಿ ಸಣ್ಣ ಮಿಡಿತಗಳನ್ನು ಅದು ಹಿಡಿಯುತ್ತಿತ್ತು. ಈ ಮಿಡಿತಕ್ಕೆ ಈ ಮಾತು ಎಂದು ಯಾರಾದರೂ ಹೇಳಿಕೊಟ್ಟರೆ ನೆನಪಿಟ್ಟುಕೊಂಡು, ಮುಂದಿನ ಸಲ ಆ ಮಾತನ್ನು ತಾನೇ ಆಡುತ್ತಿತ್ತು. ಹೇಳಿಕೊಟ್ಟವಳು ತಾಯಿ ದಾನಮ್ಮ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವುದು ಅವಳ ಕಸುಬು. ಮಗಳ ಕುರ್ಚಿಯನ್ನು ಒಲೆಯ ಪಕ್ಕಕ್ಕೆ ಎಳೆದುಕೊಂಡು, ಹಿಟ್ಟು ನಾದುತ್ತಲೇ ಕೇಳುತ್ತಿದ್ದಳು.

"ನೀರು ಅಂದೇನು? ಅಲ್ಲಾ? ಹಂಗಾರ ನಿದ್ದಿ ಬಂತೇನು? ಅದೂ ಅಲ್ಲಾ? ತಡಿ ಮತ್ತ, ಈ ರೊಟ್ಟಿ ತಗೀತೀನಿ, ಆಮ್ಯಾಲ ಹೇಳಂತಿ."

ರೊಟ್ಟಿ ತೆಗೆದು ಮತ್ತೆ ಕೇಳುತ್ತಿದ್ದಳು. ಸರಿಯಾದ ಮಾತು ಸಿಕ್ಕಾಗ ಸಂಪದಾಳ ಕಣ್ಣು ಅರಳುತ್ತಿತ್ತು. ದಾನಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಪಟ್ಟಿಯ ಜೊತೆ ಬಂದಿದ್ದ ಪುಟ್ಟ ಪೆಟ್ಟಿಗೆಯ ಗುಂಡಿ ಒತ್ತುತ್ತಿದ್ದಳು. ಹೀಗೆ ಏಳು ವರ್ಷಗಳಲ್ಲಿ ಪಟ್ಟಿ ಆ ಮನೆಯ ಮಾತನ್ನೇ ಕಲಿಯಿತು. "ಯವ್ವಾ, ನಿನ್ನ ರೊಟ್ಟಿ ಸೀಯಾಕತ್ತೈತಿ, ನನ್ನ ಮಾರಿ ಏನ್ ನೋಡ್ತೀ" ಎಂದು ಬೈಯುವಷ್ಟು ಕಲಿಯಿತು. ಅಪ್ಪ ಗುರುಸಿದ್ದಪ್ಪ ಸಿಟಿ ಬಸ್ಸಿನ ಡ್ರೈವರು. ಅವನು ಡ್ಯೂಟಿಯಿಂದ ಬಂದು ಚಪ್ಪಲಿ ಬಿಡುವ ಸದ್ದಿಗೇ "ಬಂತ್ ನೋಡ ಹಳೇ ಬಸ್ಸು" ಎನ್ನುವುದನ್ನೂ ಕಲಿಯಿತು.

ಕಾಯಿಲೆ ಮಾತ್ರ ನಿಲ್ಲಲಿಲ್ಲ. ಎರಡು ವರ್ಷದಿಂದ ಎದೆಯ ಸ್ನಾಯುಗಳೂ ಸೋತಿದ್ದವು. ಮಲಗಿದರೆ ಉಸಿರು ಸಾಲದು. ಸಂಜೆ ದೀಪ ಹಚ್ಚಿದ ಮೇಲೆ ಮುಖಕ್ಕೆ ಉಸಿರುಯಂತ್ರದ ಮುಸುಕು ಕಟ್ಟಲೇಬೇಕು. ಮುಸುಕಿನ ದಾರ ಕೊರಳ ಮೇಲೆ ಹಾದುಹೋಗುತ್ತಿದ್ದರಿಂದ ಅದಕ್ಕೂ ಮೊದಲು ನುಡಿಪಟ್ಟಿ ಬಿಚ್ಚಬೇಕು. ಬಿಚ್ಚುವ ಮುನ್ನ ಸಂಪದಾ ದಿನವೂ "ಬರ್ತೀನಿ" ಎನ್ನುತ್ತಿದ್ದಳು. "ಹೂಂ, ಬಾರವ್ವ" ಎಂದು ದಾನಮ್ಮ ಪಟ್ಟಿ ಬಿಚ್ಚುತ್ತಿದ್ದಳು. ಬೆಳಗಿನವರೆಗೆ ಮಾತಿಲ್ಲ.

ಹತ್ತೊಂಬತ್ತನೆಯ ವರ್ಷದಲ್ಲಿ ನುಡಿಪಟ್ಟಿಯ ಕಂಪನಿ ಮುಚ್ಚಿತು.

ಮುಚ್ಚಿದ್ದರಿಂದ ಪಟ್ಟಿಗೇನೂ ಆಗುತ್ತಿರಲಿಲ್ಲ. ಆದರೆ ಅದು ಕಲಿತದ್ದೆಲ್ಲ ಇದ್ದದ್ದು ಕೊರಳಲ್ಲಿ ಅಲ್ಲ, ಕಂಪನಿಯ ದೊಡ್ಡ ಕಂಪ್ಯೂಟರಿನಲ್ಲಿ. ಅದು ನಿಂತರೆ ಸಂಪದಾಳ ಏಳು ವರ್ಷದ ಮಾತು ನಿಲ್ಲುತ್ತಿತ್ತು. ಹೊಸ ಪಟ್ಟಿಗೆ ಮೊದಲಿನಿಂದ ಕಲಿಸೋಣವೆಂದರೆ ಅವಳ ಗಂಟಲಿನ ಮಿಡಿತ ಈಗ ಎಷ್ಟು ಕ್ಷೀಣವಾಗಿತ್ತೆಂದರೆ, ಅದನ್ನು ಮೊದಲೇ ಕಲಿತ ಯಂತ್ರಕ್ಕೆ ಮಾತ್ರ ಗುರುತು ಸಿಗುತ್ತಿತ್ತು.

ಇಂಥ ಹೊತ್ತಿಗೆಂದೇ ಹೊಂದಾಣಿಕೆ ಕಾಯಿದೆ ಇತ್ತು.

ಆ ಕಾಯಿದೆ ಬರುವ ಮೊದಲು ಒಂದು ಆಸ್ಪತ್ರೆಯ ದಾಖಲೆ ಇನ್ನೊಂದು ಆಸ್ಪತ್ರೆಗೆ ಓದಲು ಬರುತ್ತಿರಲಿಲ್ಲ. ಒಬ್ಬರ ಯಂತ್ರ ಇನ್ನೊಬ್ಬರ ಯಂತ್ರದೊಡನೆ ಮಾತಾಡುತ್ತಿರಲಿಲ್ಲ. ಒಂದು ಕಡೆ ಮಿಲಿಗ್ರಾಮಿನಲ್ಲಿ ಬರೆದದ್ದನ್ನು ಇನ್ನೊಂದು ಕಡೆ ಗ್ರಾಮಿನಲ್ಲಿ ಓದಿ ಜೀವಗಳು ಹೋಗಿದ್ದವು. ಜನ ಬೀದಿಗಿಳಿದು ಕೇಳಿ ಪಡೆದ ಕಾಯಿದೆ ಅದು. ಯಾವ ಕಂಪನಿಯಾದರೂ ತನ್ನಲ್ಲಿರುವ ಮಾಹಿತಿಯನ್ನು ಎಲ್ಲ ಯಂತ್ರಗಳಿಗೂ ತಿಳಿಯುವ ಸಮಾನ ರೂಪಕ್ಕೆ ತಂದು ಕೊಡಲೇಬೇಕು. ಎರಡೂ ಕಡೆ ಒಂದೇ ಅರ್ಥ ಕೊಡದ ಯಾವುದನ್ನೂ ಸಾಗಿಸತಕ್ಕದ್ದಲ್ಲ. ಮಾತಿನ ಯಂತ್ರದ ಮಾತಿಗೆ ಬಾಯಿಮಾತಿನಷ್ಟೇ ಬೆಲೆ. ಅದರಿಂದ ಸಹಿ ಹಾಕಬಹುದು, ಸಾಕ್ಷಿ ಹೇಳಬಹುದು, ಮತ ಕೊಡಬಹುದು. ಅದಕ್ಕಾಗಿಯೇ ಒಬ್ಬ ವ್ಯಕ್ತಿಗೆ ಒಂದೇ ಧ್ವನಿ ದಾಖಲಾಗಿರತಕ್ಕದ್ದು. ಹೊಸದು ಶುರುವಾದ ಕೂಡಲೇ ಹಳೆಯದು ನಿಲ್ಲತಕ್ಕದ್ದು. ದಾಖಲೆಯಲ್ಲಿ ತಪ್ಪಿದ್ದರೆ ಅದು ಹುಟ್ಟಿದ ಮೂಲದಲ್ಲಿಯೇ ತಿದ್ದತಕ್ಕದ್ದು, ಅಲ್ಲಿ ತಿದ್ದಿದರೆ ಎಲ್ಲ ಕಡೆಯೂ ತಾನಾಗಿ ತಿದ್ದುತ್ತದೆ. ಯಾವ ನಿಯಮವನ್ನು ಬಿಡಿಸಿ ನೋಡಿದರೂ ಯಾರದೋ ಹಿತಕ್ಕೆಂದು ಮಾಡಿದ್ದೇ.

ಧಾರವಾಡದ ಹೊಂದಾಣಿಕೆ ಕೇಂದ್ರದಲ್ಲಿ ಸಂಪದಾಳ ಮಾತುಗಳ ವರ್ಗಾವಣೆ ವೈಜಯಂತಿ ಹುಲಕೋಟಿಯ ಪಾಲಿಗೆ ಬಂತು. ಅವಳ ಹುದ್ದೆಯ ಹೆಸರು ಅರ್ಥ ಪರಿವೀಕ್ಷಕಿ. ಕೇಂದ್ರದಲ್ಲಿ ಅರ್ಥಸೂಚಿ ಎಂಬುದೊಂದಿತ್ತು. ಅದರಲ್ಲಿ ಯಾವ ಭಾಷೆಯೂ ಇರಲಿಲ್ಲ, ಅರ್ಥಗಳಷ್ಟೇ ಇದ್ದವು, ಒಂದೊಂದಕ್ಕೂ ಒಂದು ಸಂಖ್ಯೆ. ಹಸಿವಿಗೆ ಒಂದು, ಬಾಯಾರಿಕೆಗೆ ಒಂದು. ಹಳೆಯ ಪಟ್ಟಿಯ ಮಾತುಗಳನ್ನು ಯಂತ್ರವೇ ಸಂಖ್ಯೆಗಳಿಗೆ ಹೊಂದಿಸುತ್ತಿತ್ತು. ಹೊಂದದೆ ಅನುಮಾನ ಬಂದವು ಮಾತ್ರ ವೈಜಯಂತಿಯ ತೆರೆಗೆ ಬರುತ್ತಿದ್ದವು.

"ಹಳೇ ಬಸ್ಸು" ಬಂತು. ವ್ಯಕ್ತಿಯೋ ವಾಹನವೋ ತೀರ್ಮಾನವಾಗಲಿಲ್ಲ. ಸಾಗಿಸದೆ ಬಿಟ್ಟಳು. ಬೆಕ್ಕನ್ನು ಕರೆಯುವ ಒಂದು ಸದ್ದು ಬಂತು, ಅದಕ್ಕೆ ಅರ್ಥವೇ ಇರಲಿಲ್ಲ. ಬಿಟ್ಟಳು. ಆಮೇಲೆ "ಬರ್ತೀನಿ" ಬಂತು.

"ಸೈಫುಲ್ಲಾ, ಇಲ್ಲಿ ನೋಡ್ರಿ" ಎಂದು ಪಕ್ಕದ ಮೇಜಿನವನನ್ನು ಕರೆದಳು. "ಬರ್ತೀನಿ ಅನ್ನೂದಕ್ಕ ಯಂತ್ರ ಆಗಮನ ಅಂತ ಹಾಕೇತಿ. ಆದ್ರ ಈ ಹುಡುಗಿ ಅಂದಾಗೊಮ್ಮೆ ಮಾತ ಮುಗದಾವು. ದಿನಾ ಸಂಜೀಕ ಕಡೇ ಮಾತ ಅದ. ಅದಕ್ಕ ಯಂತ್ರಕ್ಕ ಸಂಶೆ ಬಂದೈತಿ."

ಸೈಫುಲ್ಲಾ ಇಣುಕಿ ನೋಡಿ ನಕ್ಕ. "ಯಂತ್ರಕ್ಕೇನು ಬೀಗರ ಮನಿ ಐತೇನ್ರಿ ಮೇಡಮ್ಮಾರ? ಹೊಸ್ತಿಲದಾಗ ನಿಂತು ಬರ್ತೀವಂತ ಹೇಳಿ, ಮತ್ತ ಒಂದ ತಾಸು ಮಾತಾಡಿ, ಕಡೀಕ ಹೋಗೂದು ಅದಕ್ಕ ಹ್ಯಾಂಗ ಗೊತ್ತಾಗ್ಬೇಕು."

ವೈಜಯಂತಿಯೂ ನಕ್ಕಳು. ನಿಯಮ ಸ್ಪಷ್ಟವಾಗಿತ್ತು: ಪದಕ್ಕೂ ಬಳಕೆಗೂ ಜಗಳ ಬಿದ್ದರೆ ಬಳಕೆಯನ್ನೇ ಹಿಡಿಯತಕ್ಕದ್ದು. ಯಂತ್ರ ಹಾಕಿದ್ದ ಆಗಮನವನ್ನು ಅಳಿಸಿ ನಿರ್ಗಮನದ ಸಂಖ್ಯೆ ಹಾಕಿದಳು. ಒಳ್ಳೆಯ ಕೆಲಸ ಮಾಡಿದ ಸಮಾಧಾನವಿತ್ತು. ಕನ್ನಡ ಬಲ್ಲವರು ಈ ಮೇಜಿನಲ್ಲಿ ಯಾಕಿರಬೇಕು ಎನ್ನುವುದಕ್ಕೆ ಇದೇ ಉದಾಹರಣೆ ಎಂದುಕೊಂಡು ಚಹಾಕ್ಕೆ ಎದ್ದಳು.

ಹೊಸ ಪಟ್ಟಿ ಬಂದ ದಿನ ಗುರುಸಿದ್ದಪ್ಪ ರಜೆ ಹಾಕಿದ್ದ. ತಂದವರು ಕಟ್ಟಿ, ಪರೀಕ್ಷೆ ಮಾಡಿ, ಹಳೆಯದನ್ನು ಕವರಿನಲ್ಲಿ ಹಾಕಿಕೊಂಡು ಹೋದರು. ದಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂಪದಾಳ ಗಂಟಲು ಸಣ್ಣಗೆ ಮಿಡಿಯಿತು.

"ತಾಯಿ, ನೀನು ಯಾಕೆ ಅಳುತ್ತಿದ್ದೀಯೆ?" ಎಂದಿತು ಪಟ್ಟಿ. ಚೊಕ್ಕ, ನಯವಾದ ದನಿ. ಪ್ರತಿ ಅಕ್ಷರವೂ ತೊಳೆದಿಟ್ಟ ಹಾಗೆ.

ಗುರುಸಿದ್ದಪ್ಪ ಹಣೆ ಹಣೆ ಬಡಿದುಕೊಂಡ. "ಏ ಇವಳ, ನಮ್ಮನ್ಯಾಗ ವಾರ್ತಾ ಓದಾಕಿ ಬಂದಾಳಲ್ಲ. ಇನ್ನ ಊಟಾ ಮಾಡ್ಬೇಕಾದ್ರ ನಾನೂ ಕೋಟು ಹಾಕ್ಕೋಬೇಕೇನ?"

"ತಂದೆ, ನೀವು ಹಾಸ್ಯ ಮಾಡುತ್ತಿದ್ದೀರಿ" ಎಂದಿತು ಪಟ್ಟಿ. ಮೂವರೂ ನಕ್ಕರು. ಸಂಪದಾಳ ನಗು ಕಣ್ಣಲ್ಲಷ್ಟೇ ಬರುತ್ತಿತ್ತು, ಆದರೆ ಬಂತು. ಬಹುಪಾಲು ಮಾತು ಉಳಿದಿತ್ತು. ನೀರು, ನೋವು, ಕೆರೆತ, ಚಳಿ, ಕಿಟಕಿ ತೆಗಿ, ಫ್ಯಾನು ಹಚ್ಚು, ಎಲ್ಲ ಇತ್ತು. ಧಾಟಿ ಹೋದರೆ ಹೋಗಲಿ, ಮಗಳು ಹೋಗಲಿಲ್ಲವಲ್ಲ ಎಂದು ದಾನಮ್ಮ ತನಗೆ ತಾನೇ ಹೇಳಿಕೊಂಡಳು.

ಅಂದು ಸಂಜೆ ದಾನಮ್ಮ ಮುಸುಕು ಕೈಗೆತ್ತಿಕೊಂಡು, ಪಟ್ಟಿ ಬಿಚ್ಚಲು ಬಗ್ಗಿದಾಗ ಸಂಪದಾಳ ಗಂಟಲು ಮಿಡಿಯಿತು.

"ನಾನು ಹೋಗುತ್ತೇನೆ."

ದಾನಮ್ಮನ ಕೈ ಅಲ್ಲೇ ನಿಂತಿತು. "ಹಂಗ ಅನಬ್ಯಾಡವ್ವ."

ಸಂಪದಾ ಮತ್ತೆ ಯತ್ನಿಸಿದಳು. "ನಾನು ಹೋಗುತ್ತೇನೆ." ಕಣ್ಣಲ್ಲಿ ಗಾಬರಿ. ಇನ್ನೊಮ್ಮೆ. "ನಾನು ಹೋಗುತ್ತೇನೆ."

"ಆತು, ಗೊತ್ತಾತು. ಬರ್ತೀನಿ ಅನ್ನಾಕತ್ತೀದಿ. ಈ ಮೂಳಕ್ಕ ಬಾಯಿ ಹೊಳ್ಳವಲ್ದು" ಎಂದು ದಾನಮ್ಮ ಅವಳ ಕೆನ್ನೆ ಸವರಿದಳು. "ಬಾ. ಬಾರವ್ವ ನನ್ನ ಮಗಳ."

ಮರುದಿನವೇ ಕೇಂದ್ರಕ್ಕೆ ದೂರು ಹೇಳಿದಳು. ದೂರು ಸ್ವೀಕರಿಸಲಾಗಿದೆ ಎಂಬ ಸಂದೇಶ ಬಂತು. ಸಂಪದಾ ಕೆಲವು ಸಂಜೆ ಆ ಮಾತು ಆಡದೆ ನೋಡಿದಳು. ಆದರೆ ಮುಸುಕು ಕಟ್ಟಿಕೊಳ್ಳುವ ಮುಂಚೆ ಏನೂ ಹೇಳದೆ ಕಣ್ಣು ಮುಚ್ಚುವುದು ಇಬ್ಬರಿಗೂ ಆಗಲಿಲ್ಲ. ಅದಕ್ಕಿಂತ ತಪ್ಪು ಮಾತೇ ಮೇಲೆನಿಸಿತು. ಅವಳು "ನಾನು ಹೋಗುತ್ತೇನೆ" ಎನ್ನುವಳು, ಇವಳು "ಬಾರವ್ವ" ಎನ್ನುವಳು. ನಾಲ್ಕಾರು ದಿನಗಳಲ್ಲಿ ಅದಕ್ಕೂ ಕಿವಿ ಒಗ್ಗಿತು. ಎಲ್ಲಕ್ಕೂ ಒಗ್ಗುತ್ತ ಬಂದ ಮನೆ ಅದು.

ಆದರೆ ಪಟ್ಟಿಯ ಮಾತು ಆ ಮನೆಯಲ್ಲಷ್ಟೇ ಉಳಿಯುತ್ತಿರಲಿಲ್ಲ. ರೋಗಿ ಹೇಳಿದ ನೋವು, ಉಬ್ಬಸ, ಬೇಕು, ಬೇಡ ಎಲ್ಲವೂ ಆಸ್ಪತ್ರೆಗೆ, ಉಸಿರುಯಂತ್ರಕ್ಕೆ, ಮನೆ ಆರೈಕೆಯ ಇಲಾಖೆಗೆ ಆ ಕ್ಷಣವೇ ತಿಳಿಯಬೇಕೆಂಬುದೂ ಕಾಯಿದೆಯೇ. ಅಲ್ಲೆಲ್ಲ ತಲುಪಿದ್ದು ಮಾತಲ್ಲ, ಸಂಖ್ಯೆ. ಗುಣವಾಗದ ಕಾಯಿಲೆಯ, ವಯಸ್ಸಿಗೆ ಬಂದ ರೋಗಿ ದಿನವೂ ಉಸಿರಿನ ಮುಸುಕು ಕಟ್ಟುವ ಮುನ್ನ, ಯಾರೂ ಕೇಳದೆಯೇ, ಹೊರಡುತ್ತೇನೆ ಎನ್ನುತ್ತಿದ್ದಾಳೆ. ಬಗ್ಗಿ ನಿಂತ ತಾಯಿ ಅದನ್ನು ಕೇಳಿಯೂ ಮುಸುಕು ಕಟ್ಟುತ್ತಿದ್ದಾಳೆ.

ದಾನಮ್ಮನ ಫೋನಿಗೆ ಸಂದೇಶ ಬಂದಾಗ ಅವಳು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ರೋಗಿಯು ಉಸಿರಾಟದ ನೆರವನ್ನು ನಿರಾಕರಿಸುವ ಇಚ್ಛೆಯನ್ನು ಪದೇ ಪದೇ ವ್ಯಕ್ತಪಡಿಸಿರುವುದು ದಾಖಲಾಗಿದೆ. ಆಕೆಯ ಇಚ್ಛೆಯನ್ನು ಗೌರವಿಸಿ, ಈ ತಿಂಗಳ ಕೊನೆಯಿಂದ ಉಸಿರುಯಂತ್ರದ ಅನುಮತಿಯನ್ನು ಹಿಂಪಡೆಯಲಾಗುವುದು. ಆಕ್ಷೇಪವಿದ್ದರೆ ತಿಳಿಸುವುದು.

ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ಒಲೆ ಆರಿಸಿ, ಸೆರಗು ಕೊಡವಿ, ಪಕ್ಕದ ಮನೆಯ ಬೂಬಮ್ಮನನ್ನು ಸಂಪದಾಳ ಬಳಿ ಕೂರಿಸಿ ಧಾರವಾಡದ ಬಸ್ಸು ಹತ್ತಿದಳು.

ವೈಜಯಂತಿ ಮೊದಲು ಕುರ್ಚಿ ಕೊಟ್ಟಳು, ನೀರು ತರಿಸಿದಳು. ತೆರೆಯ ಮೇಲೆ ಸಂಪದಾಳ ಕಡತ ತೆಗೆದಳು. ಓದುತ್ತ ಓದುತ್ತ ಅವಳ ಬೆನ್ನು ನೆಟ್ಟಗಾಯಿತು.

"ಅಕ್ಕಾರ, ಇದನ್ನ ಹಾಕಿದಾಕಿ ನಾನ" ಎಂದಳು. "ಯಂತ್ರ ಬರೂದು ಅಂತ ಸರಿಯಾಗೇ ಹಾಕಿತ್ತು. ನಾನ ತಗದು ಹೋಗೂದು ಅಂತ ಮಾಡ್ದೆ. ನಾನು ಬ್ಯಾರೇ ನಾಡಿನಾಕಿ ಆಗಿದ್ರ ಅದನ್ನ ಮುಟ್ಟತಿದ್ದಿಲ್ಲ."

"ಆತು ಬಿಡ್ರಿ ಮೇಡಮ್ಮಾರ. ಈಗ ತಿದ್ರಿ. ಒಂದ ಮಾತು ಐತಿ, ನಾ ಇಲ್ಲೇ ಕುಂತಿರ್ತೀನಿ."

"ನನ್ನ ಕಡೆ ತಿದ್ದಾಕ ಬರೂದಿಲ್ರಿ."

"ಹಾಕಾಕ ಬಂತು, ತಿದ್ದಾಕ ಬರೂದಿಲ್ಲಾ?"

ವೈಜಯಂತಿ ವಿವರಿಸಿದಳು. ಮಾತು ಹುಟ್ಟಿದ್ದು ಹಳೆಯ ಪಟ್ಟಿಯಲ್ಲಿ. ಕಾಯಿದೆಯ ಕಣ್ಣಿಗೆ ಅದೇ ಮೂಲ. ಇಲ್ಲಿ ನಡೆದದ್ದು ಸಾಗಣೆ ಮಾತ್ರ. ನಡುವಿನವರು ತಮಗೆ ತೋಚಿದಂತೆ ತಿದ್ದತೊಡಗಿದರೆ ಯಾವ ದಾಖಲೆಯನ್ನೂ ನಂಬುವಂತಿಲ್ಲ, ಅದಕ್ಕೇ ಮೂಲದಲ್ಲಿ ತಿದ್ದಬೇಕೆಂಬ ನಿಯಮ. ಮೂಲದ ಕಂಪನಿ ತಿದ್ದುಪಡಿ ಕಳಿಸಿದರೆ ಇಲ್ಲಿಯ ಸಂಖ್ಯೆ ಒಂದು ಕ್ಷಣದಲ್ಲಿ ಬದಲಾಗುತ್ತದೆ.

"ಆ ಕಂಪನಿ ಮುಚ್ಚೇತಲ್ರಿ."

"ಹೌದ್ರಿ."

"ಮತ್ತ?"

ವೈಜಯಂತಿ ಮೇಲಿನವರಿಗೆ ಫೋನು ಮಾಡಿದಳು. ಅವರು ಇನ್ನೊಬ್ಬರಿಗೆ ಕೊಟ್ಟರು. ದಾನಮ್ಮ ಎದುರಿಗೆ ಕುಳಿತು, ಈ ತುದಿಯ ಮಾತನ್ನಷ್ಟೇ ಕೇಳುತ್ತಿದ್ದಳು. "ಇಲ್ರಿ ಸರ್, ಮೂಲ ಅಸ್ತಿತ್ವದಾಗ ಇಲ್ಲ. ಹೌದ್ರಿ. ಇಲ್ರಿ, ಅವರ ಹಕ್ಕುದಾರರು ಯಾರೂ ಇಲ್ಲ. ಹೌದ್ರಿ ಸರ್, ಗೊತ್ತೈತ್ರಿ, ಆದ್ರ ಹುಡುಗಿ ಜೀವದ್ದು." ಕೊನೆಗೆ ಫೋನು ಇಟ್ಟು, ಆಕ್ಷೇಪದ ವಿಚಾರಣೆಯನ್ನಾದರೂ ಬೇಗ ಇಡಿಸುತ್ತೇನೆ ಎಂದಳು. ಇಡಿಸಿದಳು.

ವಿಚಾರಣೆ ಮನೆಯಲ್ಲೇ, ಗೋಡೆಗೆ ಒರಗಿಸಿಟ್ಟ ಫೋನಿನ ತೆರೆಯ ಮೇಲೆ ನಡೆಯಿತು. ಪರಿಶೀಲನಾಧಿಕಾರಿ ಮೈಸೂರು ಕಡೆಯವರು, ತಲೆ ನರೆತ ಸಾವಧಾನದ ಮನುಷ್ಯ. ಸಂಪದಾಳಿಗೆ ತಿಂಡಿ ಆಯಿತೇ ಎಂದು ಕೇಳಿದರು. ಆಮೇಲೆ, "ಅಮ್ಮಾ, ಅಪ್ಪನವರೇ, ನೀವಿಬ್ಬರೂ ಸ್ವಲ್ಪ ಹೊರಗಡೆ ಇರ್ತೀರಾ? ಬೇಜಾರು ಮಾಡ್ಕೋಬೇಡಿ. ಮನೆಯವರ ಎದುರಿಗೆ ಮನಸಲ್ಲಿರೋದು ಹೇಳೋಕಾಗದೆ ಎಷ್ಟೋ ಜನ ಒದ್ದಾಡಿದಾರೆ, ಅದಕ್ಕೆ ಈ ನಿಯಮ" ಎಂದರು.

ಗಂಡ ಹೆಂಡತಿ ಬಾಗಿಲಾಚೆ ಕಟ್ಟೆಯ ಮೇಲೆ ಕುಳಿತರು. ಬಾಗಿಲು ತೆಳ್ಳಗಿತ್ತು, ಒಳಗಿನದು ಕೇಳುತ್ತಿತ್ತು.

"ಸಂಪದಾ ಅವರೇ, ನಿಮಗೆ ಉಸಿರುಯಂತ್ರ ಬೇಕಾ, ಬೇಡವಾ? ಯಾರಿಗೂ ಹೆದರಬೇಡಿ."

"ನನಗೆ ಉಸಿರುಯಂತ್ರ ಬೇಕು."

ಗುರುಸಿದ್ದಪ್ಪ ಹೆಂಡತಿಯ ಕೈ ಹಿಡಿದುಕೊಂಡ.

"ಸರಿ. ಹಾಗಿದ್ದರೆ ದಿನಾ ಸಂಜೆ ಹೋಗುತ್ತೇನೆ ಅಂತ ಯಾಕೆ ಹೇಳ್ತಾ ಇದ್ರಿ?"

ಒಳಗಿನಿಂದ ಆ ಚೊಕ್ಕ ದನಿ ಹೇಳಿತು: "ನಾನು ಹೋಗುತ್ತೇನೆ ಎಂದು ಹೇಳಲಿಲ್ಲ. ನಾನು ಹೋಗುತ್ತೇನೆ ಎಂದು ಹೇಳಿದೆ."

"ಇನ್ನೊಂದ್ಸಲ ಹೇಳಿ?"

"ಹೋಗುತ್ತೇನೆ ಎನ್ನುವುದು ಅಶುಭ. ಆದ್ದರಿಂದ ನಾವು ಹೋಗುತ್ತೇನೆ ಎನ್ನುವುದಿಲ್ಲ. ಹೋಗುತ್ತೇನೆ ಎನ್ನುತ್ತೇವೆ."

ಕಟ್ಟೆಯ ಮೇಲೆ ದಾನಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮಗಳು ಸರಿಯಾಗಿಯೇ ಹೇಳುತ್ತಿದ್ದಳು. ಅವಳ ಗಂಟಲಿನಲ್ಲಿ ಏಳುತ್ತಿದ್ದವು ಎರಡು ಬೇರೆ ಬೇರೆ ಮಾತು, ಹೊರಗೆ ಬರುತ್ತಿದ್ದದ್ದು ಒಂದೇ.

ಅಧಿಕಾರಿ ಅವರನ್ನು ಒಳಗೆ ಕರೆದಾಗ ಕನ್ನಡಕ ತೆಗೆದು ಕಣ್ಣು ಉಜ್ಜುತ್ತಿದ್ದರು. "ಅಮ್ಮಾ, ನನಗೂ ಅರ್ಥ ಆಗತ್ತೆ. ನಮ್ಮ ಮನೇಲೂ ಹೋಗ್ತೀನಿ ಅನ್ನಲ್ಲ, ಬರ್ತೀನಿ ಅಂತಾನೇ ಅನ್ನೋದು. ಆದರೆ ನನಗೆ ಅರ್ಥ ಆದದ್ದನ್ನ ನಾನು ಬರೆಯೋ ಹಾಗಿಲ್ಲ. ಅವರ ಧ್ವನಿ ಏನು ಹೇಳಿತೋ ಅದನ್ನೇ ಬರೀಬೇಕು. ನೋಟೀಸು ಬಂದ ಮೇಲೆ ಹೇಳಿದ್ದು ಒಂದು, ಅದಕ್ಕೂ ಮುಂಚೆ ಯಾರೂ ಕೇಳದೆ ತಾವಾಗೇ ಹೇಳಿದ್ದು ಒಂದು. ಎರಡೂ ಒಂದಕ್ಕೊಂದು ವಿರುದ್ಧ ಇದ್ದರೆ, ಆಮೇಲಿನದನ್ನ ಯಾರೋ ಹೇಳಿಸಿರಬಹುದು ಅಂತ, ಮುಂಚಿನದೇ ನಿಲ್ಲತ್ತೆ."

"ಮುಂಚಿಂದು ತಪ್ಪೈತ್ರಿ ಸಾಹೇಬರ" ಎಂದ ಗುರುಸಿದ್ದಪ್ಪ.

"ತಪ್ಪಿದ್ದರೆ ಮೂಲದಲ್ಲಿ ತಿದ್ದಿಸಿ" ಎಂದರು ಅವರು, ನೆಲ ನೋಡುತ್ತ. ಅದರ ಅರ್ಥ ಅವರಿಗೂ ಗೊತ್ತಿತ್ತು.

ಆ ಮೇಲೆ ಒಂದು ವಾರ ದಾನಮ್ಮ ಯಾರ ಯಾರ ಬಾಗಿಲು ತಟ್ಟಿದಳೋ. ಖಾಸಗಿಯಾಗಿ ಉಸಿರುಯಂತ್ರ ಕೊಳ್ಳುತ್ತೇವೆಂದರೆ, ದಾಖಲೆಯನ್ನು ಕೇಳದೆ ಶುರುವಾಗುವ ಯಂತ್ರವೇ ಈಗ ತಯಾರಾಗುತ್ತಿರಲಿಲ್ಲ. ಕೈಯಿಂದ ಒತ್ತಿ ಗಾಳಿ ಕೊಡುವ ರಬ್ಬರಿನ ಚೀಲ ಸಿಕ್ಕಿತು. ಮಧ್ಯಾಹ್ನ ಮಗಳನ್ನು ಮಲಗಿಸಿ, ಗಂಡ ಹೆಂಡತಿ ಒಬ್ಬರಾದ ಮೇಲೊಬ್ಬರು ಒತ್ತಿ ನೋಡಿದರು. ದಿನವೂ ಸ್ಟೇರಿಂಗು ತಿರುಗಿಸುವ ಗುರುಸಿದ್ದಪ್ಪನ ಕೈಯೇ ಸಂಜೆಯಾಗುವಷ್ಟರಲ್ಲಿ ಸೋತಿತು. ಲಯ ತಪ್ಪಿದಾಗಲೆಲ್ಲ ಸಂಪದಾಳ ತುಟಿ ನೀಲಿಯಾಗುತ್ತಿತ್ತು.

ತಿಂಗಳು ಮುಗಿಯುತ್ತ ಬಂದಾಗ ವೈಜಯಂತಿ ತಾನಾಗಿಯೇ ಮನೆ ಹುಡುಕಿಕೊಂಡು ಬಂದಳು. ಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದಳು.

"ಕುಂದರ್ರಿ" ಎಂದಳು ದಾನಮ್ಮ.

"ಒಂದ ದಾರಿ ಐತ್ರಿ ಅಕ್ಕಾರ. ಆದ್ರ ಅದನ್ನ ದಾರಿ ಅಂತ ಹೇಳಾಕ ನನಗ ಬಾಯಿ ಬರವಲ್ದು."

ಧ್ವನಿಯೇ ಇಲ್ಲದವರ ಸಲುವಾಗಿ ಕಾಯಿದೆಯಲ್ಲಿ ಬೇರೊಂದು ಭಾಗವಿತ್ತು. ಸಂಪದಾ ತನ್ನ ದಾಖಲಿತ ಧ್ವನಿಯನ್ನು ತಾನೇ ಬಿಟ್ಟುಕೊಟ್ಟರೆ ಆ ಧ್ವನಿ ಹೇಳಿದ್ದೆಲ್ಲವೂ ಅದರ ಜೊತೆಗೇ ರದ್ದಾಗುತ್ತದೆ. ಆಗ ಅವಳು ಮಾತಿಲ್ಲದವಳು. ಮಾತಿಲ್ಲದವರ ಪರವಾಗಿ ಪಾಲಕರು ಮಾತಾಡಬಹುದು. ಉಸಿರುಯಂತ್ರ ಬೇಕೆಂದು ದಾನಮ್ಮ ಹೇಳಿದರೆ ಸಾಕು.

"ಆಮ್ಯಾಲ ಮತ್ತ ಪಟ್ಟಿ ಕಟ್ಟಾಕ ಬರತೈತೇನ್ರಿ?" ಎಂದು ಕೇಳಿದ ಗುರುಸಿದ್ದಪ್ಪ.

"ಇಲ್ರಿ. ಮತ್ತ ಕಟ್ಟಿದ್ರ ಹಳೇ ಹೇಳಿಕಿ ಎಲ್ಲಾ ಹೊಳ್ಳಿ ಜೀವಾ ಆಗತಾವ."

"ಅಂದ್ರ ಕೂಸಿನ ಬಾಯಿ ಹೊಲದು ಉಸುರು ಕೊಡೂದು" ಎಂದ ಅವನು. "ಇದನ್ನೂ ಒಂದು ಕಾಯಿದೆ ಅಂತಾರು."

ವೈಜಯಂತಿ ತಲೆ ಎತ್ತಲಿಲ್ಲ. ದಾನಮ್ಮ ಒಲೆಯ ಕಡೆ ನೋಡುತ್ತ ಕುಳಿತಿದ್ದಳು. ಆಗ ಕುರ್ಚಿಯ ಕಡೆಯಿಂದ ದನಿ ಬಂತು.

"ನನ್ನ ವಿಷಯವನ್ನು ನನ್ನನ್ನು ಕೇಳಿ."

ಮೂವರೂ ತಿರುಗಿದರು.

"ನನಗೆ ಉಸಿರು ಬೇಕು" ಎಂದಳು ಸಂಪದಾ. "ನನಗೆ ಹತ್ತೊಂಬತ್ತು ವರ್ಷ. ಮಾತು ಬಿಡುತ್ತೇನೆ."

"ಸಂಪೂ, ಮಾತಿಲ್ಲದ ನೀ ಹ್ಯಾಂಗ ಇರ್ತೀ" ಎಂದ ಅಪ್ಪ.

"ತಿಳಿಯದು. ಉಸಿರಿಲ್ಲದೆ ಇರುವುದು ಹೇಗೆಂದೂ ತಿಳಿಯದು."

ಬಿಟ್ಟುಕೊಡುವ ಮಾತನ್ನು ಅವಳ ಧ್ವನಿಯೇ ಹೇಳಬೇಕಿತ್ತು. ಮರುದಿನ ಹಗಲೆಲ್ಲ ಪಟ್ಟಿ ಅವಳದಾಗಿರುವಂತೆ, ದೀಪ ಹಚ್ಚುವ ಮುನ್ನ ಹೇಳಿಸಿದರಾಯಿತೆಂದು ವೈಜಯಂತಿ ಏರ್ಪಾಟು ಮಾಡಿಕೊಟ್ಟಳು.

ಆ ದಿನ ದಾನಮ್ಮ ಖಾನಾವಳಿಗಳಿಗೆ ರೊಟ್ಟಿ ಇಲ್ಲವೆಂದು ಹೇಳಿ ಕಳಿಸಿದಳು. ಏನಾದರೂ ದೊಡ್ಡ ಮಾತು ಮಗಳು ಹೇಳಿಯಾಳೆಂದು ಕಾದಳು. ಸಂಪದಾ ಮಿರ್ಚಿ ಭಜಿ ತರಿಸೆಂದಳು. ತಿನ್ನಲಾರಳು, ವಾಸನೆ ಸಾಕಂತೆ. ಅಪ್ಪನಿಗೆ, ನೀವು ಚೆನ್ನಾಗಿ ವಾಹನ ಚಲಾಯಿಸುವುದಿಲ್ಲ, ಬೂಬಮ್ಮ ಹೇಳಿದರು ಎಂದಳು. ಅವನು, ಬೂಬಮ್ಮನ ಟಿಕೀಟು ಇನ್ನ ಬಂದ್ ಎಂದ. ಬಲಗಿವಿಯ ಹಿಂದೆ ಕೆರೆಯೆಂದಳು, ಇನ್ನೂ ಸ್ವಲ್ಪ ಮೇಲೆ ಎಂದಳು. ದಾನಮ್ಮ ಕೆರೆದಳು. ಇನ್ನು ಮುಂದೆ ಆ ಜಾಗ ತನಗೆ ಹೇಗೆ ತಿಳಿಯಬೇಕು ಎಂದು ಯೋಚಿಸುತ್ತ ಬಹಳ ಹೊತ್ತು ಕೆರೆದಳು.

ಹೊತ್ತು ಇಳಿಯುವಾಗ ಸಂಪದಾ ಕರೆದಳು. "ತಾಯಿ."

"ಏನವ್ವ."

"ನೀನು ನನ್ನ ಪರವಾಗಿ ಮಾತನಾಡುವಾಗ ಹೆಚ್ಚು ಮಾತನಾಡಬೇಡ. ನಿನಗೆ ಆ ಅಭ್ಯಾಸವಿದೆ."

ದಾನಮ್ಮ ನಕ್ಕಳು. ನಗು ನಡುವೆಯೇ ಮುರಿಯಿತು.

"ನನಗೆ ಬೇಡವಾದದ್ದನ್ನು ಬೇಕು ಎಂದು ಹೇಳಬೇಡ."

"ಇಲ್ಲ ನನ್ನವ್ವ."

"ತಿಳಿಯದಿದ್ದರೆ ತಿಳಿಯದು ಎಂದು ಹೇಳು."

"ಹಂಗ ಹೇಳ್ತೀನಿ."

ಆಮೇಲೆ ಸಂಪದಾ ಫೋನಿನ ತೆರೆಯ ಮೇಲಿನ ವಾಕ್ಯವನ್ನು ಓದಿದಳು. ನನ್ನ ದಾಖಲಿತ ಧ್ವನಿಯನ್ನು ಸ್ವ ಇಚ್ಛೆಯಿಂದ ಬಿಟ್ಟುಕೊಡುತ್ತೇನೆ. ಇದನ್ನು ಮಾತ್ರ ಪಟ್ಟಿ ತುಸುವೂ ತಡವರಿಸದೆ, ಅಕ್ಷರ ಅಕ್ಷರ ಬಿಡಿಸಿ ಹೇಳಿತು. ಕೊರಳ ಪಕ್ಕದ ಸಣ್ಣ ಹಸಿರು ದೀಪ ಆರಿತು. ದಾನಮ್ಮ ಪಟ್ಟಿ ಬಿಚ್ಚಿದಳು. ಪಟ್ಟಿ ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಕೂಸಿನ ಚರ್ಮದ ಹಾಗೆ ಇತ್ತು.

ಆ ರಾತ್ರಿ ಉಸಿರುಯಂತ್ರ ನಿಲ್ಲಲಿಲ್ಲ. ತಿಂಗಳು ಮುಗಿದ ಮರುದಿನವೂ ನಿಲ್ಲಲಿಲ್ಲ. ಗುರುಸಿದ್ದಪ್ಪ ಡ್ಯೂಟಿಗೆ ಹೋದ. ದಾನಮ್ಮ ಒಲೆ ಹಚ್ಚಿದಳು. ಸಂಪದಾಳ ಕುರ್ಚಿ ಎಂದಿನಂತೆ ಒಲೆಯ ಪಕ್ಕದಲ್ಲೇ ಇತ್ತು. ಹೌದು, ಅಲ್ಲ ಎನ್ನುವಷ್ಟನ್ನು ಕಣ್ಣಿನಿಂದ ಹೇಳು ಎಂದು ಮೊದಲೇ ಮಾತಾಗಿತ್ತು. ರೆಪ್ಪೆ ಮುಚ್ಚಿದರೆ ಹೌದು. ಆದರೆ ಈಗೀಗ ರೆಪ್ಪೆಗಳೂ ಸೋಲುತ್ತಿದ್ದವು, ಅವು ಮುಚ್ಚುತ್ತಿದ್ದವೋ ಜಾರುತ್ತಿದ್ದವೋ ಗೊತ್ತಾಗುತ್ತಿರಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ಡಾಕ್ಟರು ಗಾಳಿಯ ಒತ್ತಡ ಹೆಚ್ಚಿಸಿದರು. ಬೆಳಿಗ್ಗೆ ಮುಸುಕು ಬಿಚ್ಚುವ ಮುನ್ನ ಯಂತ್ರ ಕೇಳಿತು: "ಪಾಲಕರೇ, ರೋಗಿಗೆ ಹೊಸ ಒತ್ತಡ ಹಿತವಾಗಿದೆಯೇ? ಹೌದು ಅಥವಾ ಇಲ್ಲ ಎಂದು ಉತ್ತರಿಸಿ."

ದಾನಮ್ಮ ಬಗ್ಗಿ ಮಗಳ ಮುಖ ನೋಡಿದಳು. "ಸಂಪೂ, ಗಾಳಿ ಜಾಸ್ತಿ ಆಗಾಕತ್ತೈತೇನ? ಎದಿ ನೋಯ್ತೈತೇನವ್ವ?"

ಸಂಪದಾಳ ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದು ನಿಂತಿತು. ಬಲಗಣ್ಣು ತೆರೆದೇ ಇತ್ತು. ಅದರಲ್ಲಿ ನೀರಿತ್ತು. ಮುಸುಕಿನ ಸಂದಿಯಿಂದ ಬರುವ ಗಾಳಿಗೆ ದಿನವೂ ಅದರಲ್ಲಿ ನೀರಿರುತ್ತಿತ್ತು.

ಯಂತ್ರ ಮತ್ತೆ ಕೇಳಿತು.

"ತಿಳೀವಲ್ದು" ಎಂದಳು ದಾನಮ್ಮ.

"ಉತ್ತರ ಸ್ವೀಕೃತವಾಗಿಲ್ಲ. ಹೌದು ಅಥವಾ ಇಲ್ಲ ಎಂದು ಉತ್ತರಿಸಿ. ಉತ್ತರ ಬಾರದಿದ್ದರೆ ಸಂಜೆಯ ಬಳಕೆಗೆ ಅನುಮತಿ ದೊರೆಯುವುದಿಲ್ಲ."

ಅವಳು ಇನ್ನೊಮ್ಮೆ ಮಗಳ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಹೊರಗೆ ಹಾಲಿನವನು ಗಂಟೆ ಬಾರಿಸಿ, ಯಾರೂ ಬಾರದ್ದಕ್ಕೆ ಮುಂದಿನ ಮನೆಗೆ ಹೋದ.

"ಹೌದು" ಎಂದಳು.

"ದಾಖಲಾಯಿತು" ಎಂದಿತು ಯಂತ್ರ.